ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ ಎಂಥ ಪುಸ್ತಕ?

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಪ್ರಾಥಮಿಕ ಶಾಲೆಗಳ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವ ಮಾತು ಬಂದಾಗಲೆಲ್ಲ ‘ಪುಸ್ತಕ ಇದ್ದರೂ ಮಕ್ಕಳು ಓದುವುದಿಲ್ಲ’ ಎಂಬ ದೂರು ಜೊತೆಗೇ ಬರುತ್ತದೆ. ಕಪಾಟು ತೆರೆದು ಒಂದೊಂದೇ ಪುಸ್ತಕ ಬಿಡಿಸಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ನೂರು ಪುಟದ ಜೀವನಚರಿತ್ರೆ, ಸಣ್ಣಕ್ಷರದ ನೀತಿಕಥೆಗಳು, ರಸಪ್ರಶ್ನೆ, ಪ್ರಬಂಧಮಾಲೆ, ವ್ಯಾಕರಣ. ಎರಡನೇ ತರಗತಿಯ ಮಗು ತಾನಾಗಿ ಕೈಗೆತ್ತಿಕೊಂಡು, ಯಾರ ಸಹಾಯವೂ ಇಲ್ಲದೆ ಕೊನೆಯ ಪುಟ ಮುಟ್ಟುವಂಥ ಪುಸ್ತಕಕ್ಕೆ ಅಲ್ಲಿ ಹುಡುಕಾಡಬೇಕು. ಓದುವ ಅಭ್ಯಾಸ ಹುಟ್ಟುವುದು ಒಂದರಿಂದ ಮೂರನೇ ತರಗತಿಯೊಳಗೆ. ಹಣ ಹೋಗುವುದು ಆರು, ಏಳನೇ ತರಗತಿಯ ಪುಸ್ತಕಗಳಿಗೆ. ಈ ಲೆಕ್ಕ ತಿರುವುಮುರುವಾಗಬೇಕು ಎಂಬುದೇ ಈ ಪತ್ರದ ಉದ್ದೇಶ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕ ಮತ್ತು ಕಥೆ ಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯದ ಪುಸ್ತಕಗಳಿರಬೇಕು ಎಂದು ಬರೆದಿದೆ. ಕಥೆ ಪುಸ್ತಕವನ್ನು ಹೆಸರು ಹಿಡಿದು ಹೇಳಿರುವುದನ್ನು ಗಮನಿಸಬೇಕು. ಸಮಗ್ರ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ ಗ್ರಂಥಾಲಯ ಅನುದಾನವಾಗಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಒಂದರಿಂದ ಎಂಟನೇ ತರಗತಿವರೆಗಿನ ಶಾಲೆಗೆ 13,000 ರೂಪಾಯಿವರೆಗೆ ಅವಕಾಶವಿದೆ. ದೊಡ್ಡ ಮೊತ್ತವಲ್ಲ ನಿಜ. ಆದರೆ ಆಯ್ಕೆ ಸರಿಯಿದ್ದರೆ ಚಿಕ್ಕ ಶಾಲೆಯೊಂದಕ್ಕೆ ಐದು ಸಾವಿರದಲ್ಲಿ ಒಂದು ವರ್ಷದ ಓದು ಸಿಗುತ್ತದೆ. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಕನ್ನಡ ಲಿಪಿಯ ವಿಷಯ. ಪುಸ್ತಕ ಆಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಮಕ್ಕಳ ಪುಸ್ತಕಗಳ ಬೆನ್ನ ಮೇಲೆ ‘ಹಂತ 1’, ‘ಹಂತ 2’ ಎಂದು ಅಚ್ಚಾಗಿರುತ್ತದೆ. ಈ ಹಂತಗಳನ್ನು ಬಹುತೇಕ ಪದಗಳ ಸಂಖ್ಯೆಯ ಮೇಲೆ ನಿಗದಿ ಮಾಡಿರುತ್ತಾರೆ: 250 ಪದದವರೆಗೆ ಒಂದನೇ ಹಂತ, 600ರವರೆಗೆ ಎರಡನೇ ಹಂತ, ಹೀಗೆ. ಇಂಗ್ಲಿಷಿಗೆ ಈ ಅಳತೆ ಹೊಂದಬಹುದು, ಕನ್ನಡಕ್ಕೆ ಹೊಂದುವುದಿಲ್ಲ. ‘ಹೋಗುತ್ತಿದ್ದಾನೆ’ ಎಂಬುದು ಎಣಿಕೆಗೆ ಒಂದೇ ಪದ; ಮಗುವಿನ ಕಣ್ಣಿಗೆ ಐದು ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು. ‘ಮನೆಯೊಳಗಿನಿಂದಲೇ’ ಕೂಡ ಒಂದೇ ಪದ, ಒತ್ತು ಒಂದೂ ಇಲ್ಲ, ಆದರೆ ಎಂಟು ಅಕ್ಷರ ಮುಗಿಯುವಷ್ಟರಲ್ಲಿ ಮಗುವಿಗೆ ಶುರುವಿನ ‘ಮನೆ’ ಮರೆತುಹೋಗಿರುತ್ತದೆ. ಹಾಗಾಗಿ ಕನ್ನಡದಲ್ಲಿ ನೋಡಬೇಕಾದದ್ದು ಪದದ ಉದ್ದ, ಒತ್ತಕ್ಷರ ಎಷ್ಟಿದೆ, ಯಾವ ಜಾತಿಯದ್ದಿದೆ ಎಂಬುದನ್ನು.

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಅಕ್ಷರ ಕಲಿಯುವುದು ಅ, ಆ, ಇ, ಈ ಕ್ರಮದಲ್ಲಲ್ಲ. ರ, ಗ, ಸ, ದ, ಅ ಎಂದು ಶುರುವಾಗಿ ಜ, ವ, ಮ, ಬ, ನ ಎಂದು ಮುಂದುವರಿಯುತ್ತದೆ. ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಒತ್ತಕ್ಷರದಲ್ಲೂ ಎರಡು ಬಗೆ. ಅದೇ ಅಕ್ಷರಕ್ಕೆ ಅದೇ ಒತ್ತು ಬರುವುದು ಸಜಾತೀಯ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಬೆಕ್ಕು. ಬೇರೆ ಅಕ್ಷರದ ಒತ್ತು ಬರುವುದು ವಿಜಾತೀಯ: ಪುಸ್ತಕ, ಪ್ರಾಣಿ, ಚಂದ್ರ, ಡಾಕ್ಟರ್. ಮಗುವಿಗೆ ಅತ್ಯಂತ ಹತ್ತಿರದ ಮಾತುಗಳಲ್ಲೇ ಸಜಾತೀಯ ಒತ್ತು ತುಂಬಿಕೊಂಡಿದೆ ಎಂಬುದು ಕನ್ನಡದ ಭಾಗ್ಯ. ಚಿತ್ರದಲ್ಲಿ ಅಜ್ಜಿ ಇದ್ದು ಕೆಳಗೆ ‘ಅಜ್ಜಿ’ ಎಂದಿದ್ದರೆ, ಜ-ಕಾರದ ಒತ್ತನ್ನು ಇನ್ನೂ ಕಲಿಯದ ಮಗುವೂ ಓದಿಬಿಡುತ್ತದೆ. ವಿಜಾತೀಯ ಒತ್ತು ಹೆಚ್ಚಾಗಿ ಸಂಸ್ಕೃತ, ಇಂಗ್ಲಿಷ್ ಮೂಲದ ಪದಗಳ ಜೊತೆ ಬರುತ್ತದೆ. ಆದ್ದರಿಂದ ಸಂಸ್ಕೃತ ಪದ ತುಂಬಿದ ಪುಸ್ತಕ ಮಗುವಿಗೆ ಅರ್ಥದಲ್ಲಿ ಮಾತ್ರವಲ್ಲ, ಅಕ್ಷರದಲ್ಲೂ ಕಷ್ಟ. ಇದನ್ನು ಗಮನಿಸದೆ ‘ಶಬ್ದಭಂಡಾರ ಬೆಳೆಯಲಿ’ ಎಂದು ಒಂದನೇ ತರಗತಿಗೆ ಅಂಥ ಪುಸ್ತಕ ಕೊಟ್ಟರೆ ಮಗು ಮೊದಲ ಸಾಲಿನಲ್ಲೇ ಕೈಬಿಡುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ‘ಸೂರ್ಯನು ಪೂರ್ವದಲ್ಲಿ ಉದಯಿಸಿದನು’ ಎಂಬ ಸಾಲು ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲಿರುತ್ತದೆ. ಇದರಲ್ಲಿ ಎರಡು ಅರ್ಕಾವೊತ್ತು, ಒಂದು ಸಜಾತೀಯ ಒತ್ತು. ಅರ್ಕಾವೊತ್ತಿನ ತೊಡಕು ಎಂದರೆ ಬಾಯಲ್ಲಿ ರ-ಕಾರ ಮೊದಲು ಬರುತ್ತದೆ, ಬರಹದಲ್ಲಿ ಗುರುತು ಆಮೇಲೆ ಬರುತ್ತದೆ. ಮಗು ಕಂಡ ಹಾಗೆ ಓದಿದರೆ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ. ಅದು ಮಗುವಿನ ದಡ್ಡತನವಲ್ಲ, ಲಿಪಿಯ ಕ್ರಮವೇ ಹಾಗಿದೆ. ಅದೇ ಜಾಗದಲ್ಲಿ ‘ಬೆಳಗಾಯಿತು’ ಎಂದಿದ್ದರೆ ಐದೇ ಅಕ್ಷರ, ಒಂದೂ ಒತ್ತಿಲ್ಲ, ಕಥೆಯೂ ಮುಂದೆ ಹೋಯಿತು.

ಇನ್ನೊಂದು ಸೂಕ್ಷ್ಮವಿದೆ. ಮಕ್ಕಳ ಪುಸ್ತಕ ಆಡುಮಾತಿನಲ್ಲಿರಲಿ ಎಂದು ‘ಬರ್ತಾನೆ’, ‘ಮಾಡ್ತಾಳೆ’, ‘ತಿನ್ತಾರೆ’ ಎಂದು ಬರೆಯುತ್ತಾರೆ. ಕಿವಿಗೆ ಹಿತ, ಆದರೆ ‘ಬರುತ್ತಾನೆ’ಯಲ್ಲಿದ್ದ ಸುಲಭದ ಒತ್ತು ‘ಬರ್ತಾನೆ’ಯಲ್ಲಿ ಅರ್ಕಾವೊತ್ತಾಗಿ ಬದಲಾಯಿತು. ಇಂಥ ಪುಸ್ತಕ ಟೀಚರ್ ಓದಿ ಹೇಳುವುದಕ್ಕೆ ಬಹಳ ಚೆನ್ನ, ಮಗು ತಾನೇ ಓದುವುದಕ್ಕೆ ಮೂರನೇ ತರಗತಿವರೆಗೆ ಕಾಯಬೇಕು. ಒಂದು, ಎರಡನೇ ತರಗತಿಗೆ ನಡೆದುಹೋದ ಕಥೆಯೇ ಸಲೀಸು: ಬಂದ, ಹೋದ, ತಿಂದ, ಓಡಿದ, ಕೂತಳು, ಹಾಡಿದಳು. ಒತ್ತಿಲ್ಲ. ಸ್ವಲ್ಪ ಮುಂದೆ ಹೋದವರಿಗೆ ಬಿದ್ದ, ಎದ್ದ, ನಕ್ಕಳು.

ಈ ಲೆಕ್ಕದಲ್ಲಿ ನಾವು ಪುಸ್ತಕಗಳನ್ನು ನಾಲ್ಕು ಬಣ್ಣಕ್ಕೆ ವಿಂಗಡಿಸುತ್ತೇವೆ. ಪುಟಕ್ಕೆ ಒಂದೆರಡು ವಾಕ್ಯ, ಐದರಿಂದ ಎಂಟು ಪದ, ಚಿತ್ರದಲ್ಲಿರುವ ನೆಂಟರ, ಪ್ರಾಣಿಗಳ ಹೆಸರು ಬಿಟ್ಟರೆ ಒತ್ತೇ ಇಲ್ಲದ್ದು ಕೆಂಪು. ಸಜಾತೀಯ ಒತ್ತು ಧಾರಾಳವಾಗಿದ್ದು ವಿಜಾತೀಯ ಅಲ್ಲೊಂದು ಇಲ್ಲೊಂದು ಇರುವುದು ಹಳದಿ. ಎಲ್ಲ ಒತ್ತೂ ಇದ್ದು, ಪುಟಕ್ಕೆ ನಾಲ್ಕೈದು ವಾಕ್ಯ, ಪ್ರತಿ ಪುಟಕ್ಕೂ ಚಿತ್ರ ಇದ್ದರೆ ಹಸಿರು. ಪ್ಯಾರಾ ಪ್ಯಾರಾ ಓದಬೇಕಾದದ್ದು ನೀಲಿ. ಬೆನ್ನಿನ ಕೆಳತುದಿಯಲ್ಲಿ ಬಣ್ಣದ ಸ್ಟಿಕ್ಕರ್ ಅಂಟಿಸಿದರೆ ಸಾಕು. ಬಣ್ಣ ಪುಸ್ತಕಕ್ಕೇ ಹೊರತು ಮಗುವಿಗಲ್ಲ. ‘ನೀನು ಇನ್ನೂ ಕೆಂಪು’ ಎಂಬ ಮಾತು ತರಗತಿಯಲ್ಲಿ ಒಮ್ಮೆ ಕೇಳಿಬಂದರೂ ಆ ವ್ಯವಸ್ಥೆ ಕೆಟ್ಟಂತೆ. ಐದನೇ ತರಗತಿಯ ಹುಡುಗಿ ಕೆಂಪು ಪುಸ್ತಕ ಒಯ್ದು ಮನೆಯಲ್ಲಿ ತಮ್ಮನಿಗೆ ಓದಿ ಹೇಳಿದರೆ ಇಬ್ಬರಿಗೂ ಲಾಭ.

ಪುಸ್ತಕ ಹೊಂದುತ್ತದೋ ಇಲ್ಲವೋ ನೋಡಲು ಬೆರಳೇ ಸಾಕು. ನಡುವಿನ ಒಂದು ಪುಟ ತೆರೆದು ಮಗುವಿಗೆ ಓದಲು ಕೊಡಿ. ತಡವರಿಸಿ ನಿಂತ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಒಂದೂ ಮಡಚದಿದ್ದರೆ ಪುಸ್ತಕ ಸಲೀಸು, ಎರಡು ಮೂರಾದರೆ ಸರಿಯಾದದ್ದು, ಐದೂ ಮಡಚಿದರೆ ಈಗಲೇ ಬೇಡ. ಟೀಚರ್ ಓದಿ ಹೇಳಲಿ. ಮೊದಲ ಪುಟದಲ್ಲಿ ಈ ಪರೀಕ್ಷೆ ಮಾಡಬಾರದು. ಮೊದಲ ಪುಟದಲ್ಲಿ ಹೆಸರುಗಳು ಹೊಸದಾಗಿರುತ್ತವೆ, ಲೆಕ್ಕ ತಪ್ಪುತ್ತದೆ.

ಇನ್ನು ಅನುವಾದ. ಇಂದು ಕನ್ನಡದಲ್ಲಿ ಸಿಗುವ ಬಣ್ಣದ ಚಿತ್ರಪುಸ್ತಕಗಳಲ್ಲಿ ಇಂಗ್ಲಿಷಿನಿಂದ, ಹಿಂದಿಯಿಂದ ಬಂದವು ಬಹಳ. ಅದರಲ್ಲಿ ತಪ್ಪಿಲ್ಲ, ಚೆನ್ನಾಗಿ ಬಂದವೂ ಇವೆ. ಕೆಟ್ಟದ್ದನ್ನು ಗುರುತಿಸುವುದು ಸುಲಭ, ಗಟ್ಟಿಯಾಗಿ ಓದಬೇಕು ಅಷ್ಟೆ. ‘ಮೀನಾಳು ತನ್ನ ಅಜ್ಜಿಯ ಮನೆಗೆ ಭೇಟಿ ನೀಡಲು ನಿರ್ಧರಿಸಿದಳು. ಅವಳು ತುಂಬಾ ಉತ್ಸುಕಳಾಗಿದ್ದಳು’ ಎಂದು ಕನ್ನಡದ ಯಾವ ಅಜ್ಜಿಯೂ ಕಥೆ ಹೇಳುವುದಿಲ್ಲ. ‘ಮೀನಾ ಅಜ್ಜಿ ಮನೆಗೆ ಹೊರಟಳು. ಖುಷಿಯೋ ಖುಷಿ’ ಎನ್ನುತ್ತಾಳೆ. ಮೊದಲನೆಯದರಲ್ಲಿ ಐದು ಒತ್ತಕ್ಷರ, ಎರಡನೆಯದರಲ್ಲಿ ಒಂದೇ ಒಂದು. ಭಾಷೆ ಸಹಜವಾದಷ್ಟೂ ಅಕ್ಷರವೂ ಹಗುರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪುಸ್ತಕದ ಆಯ್ಕೆಗೆ ಕುಳಿತವರು ಮನಸ್ಸಿನಲ್ಲಿ ಓದಿ ಪಕ್ಕಕ್ಕಿಡದೆ ಎರಡು ಪುಟವನ್ನಾದರೂ ಬಾಯಿಬಿಟ್ಟು ಓದಲಿ.

ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕ ಬೀದರಿಗೂ ಹೋಗುತ್ತದೆ, ಬೈಂದೂರಿಗೂ ಹೋಗುತ್ತದೆ. ‘ಕಡಲೆಕಾಯಿ’ ಎಂದಿದ್ದರೆ ಧಾರವಾಡದ ಮಗುವಿಗೆ ಅದು ಶೇಂಗಾ ಎಂದು ಹೊಳೆಯುವುದಿಲ್ಲ. ‘ಈರುಳ್ಳಿ’ ಅಲ್ಲಿ ಉಳ್ಳಾಗಡ್ಡಿ. ಪುಸ್ತಕ ತಿರಸ್ಕರಿಸಬೇಕಿಲ್ಲ. ಅಂಥ ಪದದ ಕೆಳಗೆ ಪೆನ್ಸಿಲಿನಲ್ಲಿ ಊರಿನ ಮಾತು ಬರೆದಿಡಿ. ತುಳು, ಕೊಂಕಣಿ, ಲಂಬಾಣಿ, ಉರ್ದು, ತೆಲುಗು ಮಾತಾಡುವ ಮನೆಯ ಮಕ್ಕಳಿರುವ ಶಾಲೆಯಲ್ಲಿ ಅಕ್ಷರವೇ ಇಲ್ಲದ, ಬರಿ ಚಿತ್ರದಲ್ಲೇ ಕಥೆ ಹೇಳುವ ಐದಾರು ಪುಸ್ತಕ ಇರಲೇಬೇಕು. ಮಗು ತನ್ನ ಭಾಷೆಯಲ್ಲಿ ಕಥೆ ಹೇಳಲಿ, ಅದರ ಜೊತೆ ಕೂತ ಇನ್ನೊಂದು ಮಗು ಕನ್ನಡದಲ್ಲಿ ಹೇಳಲಿ. ‘ಅಕ್ಷರವಿಲ್ಲದ ಪುಸ್ತಕಕ್ಕೆ ದುಡ್ಡೇಕೆ’ ಎಂದು ಆಕ್ಷೇಪ ತೆಗೆಯುವ ಅಧಿಕಾರಿಗಳು ಇಂಥ ಒಂದು ತರಗತಿಯಲ್ಲಿ ಅರ್ಧ ಗಂಟೆ ಕೂರಬೇಕೆಂದು ವಿನಂತಿ.

ಯಾವ ಪುಸ್ತಕ, ಎಲ್ಲಿಂದ ಎಂಬ ಪ್ರಶ್ನೆಗೆ ಬರೋಣ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್, ಕೇಂದ್ರದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಕನ್ನಡ-ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚೆನ್ನೈನ ತೂಲಿಕಾ ಪುಸ್ತಕಗಳು, ನಮ್ಮದೇ ನವಕರ್ನಾಟಕ ಪ್ರಕಾಶನ. ಕೆಂಪು ಮತ್ತು ಹಳದಿ ಪುಸ್ತಕಗಳನ್ನು ಮೊದಲು ಇಲ್ಲಿ ಹುಡುಕಿ. ಎರಡು ಭಾಷೆಯ ಪುಸ್ತಕ ಕೊಳ್ಳುವಾಗ ಒಂದು ಎಚ್ಚರ: ಇಂಗ್ಲಿಷಿಗೆ ಜಾಗ ಬಿಟ್ಟು ಕನ್ನಡವನ್ನು ಸಣ್ಣಕ್ಷರದಲ್ಲಿ ಮೂಲೆಗೆ ತಳ್ಳಿದ್ದರೆ ಬೇಡ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಮುದ್ರಿಸಿಕೊಳ್ಳುವುದಕ್ಕೂ ಅನುಮತಿಯಿದೆ. ಆದರೆ ಕಪ್ಪು-ಬಿಳುಪು ಜೆರಾಕ್ಸ್ ತೆಗೆದರೆ ಗಾಢ ಬಣ್ಣದ ಪುಟಗಳು ಮಸಿಯಾಗಿ ಅಕ್ಷರ ಮುಳುಗುತ್ತದೆ. ಬಿಳಿ ಹಿನ್ನೆಲೆಯ, ಗೆರೆಚಿತ್ರದ ಕಥೆಗಳನ್ನು ಮಾತ್ರ ಜೆರಾಕ್ಸಿಗೆ ಆರಿಸಬೇಕು.

ಹಾಡು, ಪದ್ಯ ಬಿಡಬಾರದು. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’, ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಹಳೆಯದೆಂದು ಪಕ್ಕಕ್ಕಿಡಬೇಡಿ. ಬಾಯಿಪಾಠ ಬಂದ ಪದ್ಯವನ್ನು ಪುಸ್ತಕದಲ್ಲಿ ಕಂಡಾಗ ಮಗು ಬೆರಳಿಟ್ಟುಕೊಂಡು ‘ಓದುತ್ತದೆ’. ನೆನಪು ಮುಂದೆ, ಕಣ್ಣು ಹಿಂದೆ. ಕಲಿಸುವ ಮೊದಲೇ ಒತ್ತಕ್ಷರ ಕಣ್ಣಿಗೆ ಪರಿಚಯವಾಗುತ್ತದೆ. ‘ತುತ್ತೂರಿ’ ಎಂಬ ಹೆಸರಲ್ಲೇ ಒಂದು ಒತ್ತು ಇದೆಯಲ್ಲ. ಪದ್ಯದ ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದೇ ಪದ್ಯ, ಒಂದು ಸಾಲಿಗೆ ಒಂದೇ ಚರಣ ಇದೆಯೇ ನೋಡಿಕೊಳ್ಳಿ. ಕಾಗದ ಉಳಿಸಲು ಎರಡು ಕಾಲಂ ಮಾಡಿ ಅಚ್ಚು ಹಾಕಿದ್ದರೆ ಮಗು ಅಡ್ಡಡ್ಡ ಓದುತ್ತದೆ, ಪದ್ಯ ಕಲಸಿಹೋಗುತ್ತದೆ.

ಆರು, ಏಳನೇ ತರಗತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಪುಸ್ತಕಗಳಿಂದ ಶುರು ಮಾಡಬಹುದು. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ (2010), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023). ಇವೆಲ್ಲ ನೀಲಿ ಬಣ್ಣದವು, ನಾಲ್ಕನೇ ತರಗತಿಯ ಮಗುವಿನ ಕೈಗಲ್ಲ. ಜಪಾನಿನ ಪುಟ್ಟ ಹುಡುಗಿಯೊಬ್ಬಳ ಶಾಲೆಯ ಕಥೆ ‘ತೊತ್ತೋಚಾನ್’ ಅನ್ನು ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡಕ್ಕೆ ತಂದಿದೆ. ಅದರ ಅಧ್ಯಾಯಗಳು ಚಿಕ್ಕವು; ದಿನಕ್ಕೊಂದರಂತೆ ಊಟದ ನಂತರ ಟೀಚರ್ ಓದಿದರೆ ಐದನೇ ತರಗತಿಯೂ ಕಿವಿಗೊಟ್ಟು ಕೂರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಿಂದ ಒಂದೆರಡನ್ನು ಆರಿಸಿ ಏಳನೇ ತರಗತಿಗೆ ಓದಿ. ಜೀವನಚರಿತ್ರೆ ಬೇಡ ಎಂದಲ್ಲ. ಮೊದಲ ಸಾಲಿನಲ್ಲೇ ಜನ್ಮದಿನಾಂಕ, ತಂದೆ ತಾಯಿಯ ಹೆಸರು, ಪಡೆದ ಪದವಿಗಳ ಪಟ್ಟಿ ಇರುವ ಜೀವನಚರಿತ್ರೆ ಬೇಡ. ಆ ಮನುಷ್ಯ ಏನಾದರೂ ಮಾಡುತ್ತಿರುವಾಗ ಶುರುವಾಗುವ ಪುಸ್ತಕ ಹುಡುಕಿ.

ಮಾಹಿತಿ ಪುಸ್ತಕಗಳಲ್ಲಿ ಹಳೆಯ ದಾಸ್ತಾನು ಬಹಳ ಬರುತ್ತದೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಕಟ್ಟಿಕೊಟ್ಟ ನಾಡು ಇದು. ಇವತ್ತಿನ ಮಕ್ಕಳಿಗೆ ತಪ್ಪು ಮಾಹಿತಿ ಕೊಳ್ಳುವುದು ನಾಚಿಕೆಗೇಡು. ಪರೀಕ್ಷಿಸಲು ಮೂರು ಪುಟ ತೆರೆದರೆ ಸಾಕು. ಗ್ರಹಗಳು ಒಂಬತ್ತು ಎಂದಿದ್ದರೆ ಅದು 2006ಕ್ಕಿಂತ ಹಿಂದಿನ ಮಾಹಿತಿ, ಈಗ ಎಂಟು. ತೆಲಂಗಾಣ ಇಲ್ಲದ ಭೂಪಟ 2014ಕ್ಕಿಂತ ಹಿಂದಿನದು. ಕರ್ನಾಟಕಕ್ಕೆ 30 ಜಿಲ್ಲೆ ಎಂದಿದ್ದರೆ 2021ರಲ್ಲಿ ಸೇರಿದ ವಿಜಯನಗರ ಬಿಟ್ಟುಹೋಗಿದೆ, ಈಗ 31. ಮುಖಪುಟ ಹೊಸದಾಗಿದ್ದು ಒಳಗೆ ಹಳೆಯದೇ ಇರುವ ಪುಸ್ತಕಗಳು ಈ ಮೂರರಲ್ಲಿ ಒಂದರಲ್ಲಾದರೂ ಸಿಕ್ಕಿಬೀಳುತ್ತವೆ.

ಅಚ್ಚಿನ ಗುಣ ನೋಡುವುದು ಹೇಗೆ? ಸ್ಕೇಲ್ ಹಿಡಿಯಿರಿ. ಒಂದು, ಎರಡನೇ ತರಗತಿಯ ಪುಸ್ತಕದಲ್ಲಿ ‘ಅ’ ಅಕ್ಷರ ಅರ್ಧ ಸೆಂಟಿಮೀಟರಿನ ಹತ್ತಿರ ಎತ್ತರವಿರಬೇಕು. ಅದಕ್ಕಿಂತ ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತು. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಯಾವುದು ಯಾರದ್ದು ತಿಳಿಯುವುದಿಲ್ಲ. ಪದವನ್ನು ಸಾಲಿನ ಕೊನೆಗೆ ತುಂಡು ಮಾಡಿ ಉಳಿದರ್ಧವನ್ನು ಮುಂದಿನ ಸಾಲಿಗೆ ತಳ್ಳಿದ್ದರೆ, ಚಿತ್ರದ ಮೇಲೆಯೇ ಬಿಳಿ ಅಕ್ಷರ ಹರಿದಾಡಿದ್ದರೆ ಚಿಕ್ಕವರಿಗೆ ಕಷ್ಟ. ಚಿತ್ರದಲ್ಲಿ ರಾಕ್ಷಸನೋ ಕಳ್ಳನೋ ಇದ್ದರೆ ಅವನಿಗೆ ಮಾತ್ರ ಕಪ್ಪು ಬಣ್ಣ ಬಳಿದಿದ್ದಾರೆಯೇ, ಅಮ್ಮ ಪ್ರತಿ ಪುಟದಲ್ಲೂ ಒಲೆಯ ಮುಂದೆಯೇ ಇದ್ದಾಳೆಯೇ ಎಂಬುದನ್ನೂ ನೋಡಿ. ಮಕ್ಕಳು ಅಕ್ಷರಕ್ಕಿಂತ ಮೊದಲು ಓದುವುದು ಚಿತ್ರವನ್ನು.

ಬೈಂಡಿಂಗ್ ವಿಷಯ. ಗಮ್ ಮಾತ್ರ ಹಾಕಿದ ದಪ್ಪ ಪುಸ್ತಕವನ್ನು ಮಗು ಪೂರ್ತಿ ಬಿಡಿಸಿ ನೆಲದ ಮೇಲೆ ಒತ್ತಿದರೆ ಹಾಳೆಗಳು ಒಂದೊಂದಾಗಿ ಉದುರುತ್ತವೆ. ನೀಲಿ ಪುಸ್ತಕ ಕೊಳ್ಳುವಾಗ ಹೊಲಿಗೆ ಹಾಕಿದ್ದನ್ನು ಕೇಳಿ. ನಡುವೆ ಪಿನ್ ಹೊಡೆದ ತೆಳು ಪುಸ್ತಕಗಳು ಚೆನ್ನಾಗಿ ಬಾಳುತ್ತವೆ, ಆದರೆ ಮಲೆನಾಡು, ಕರಾವಳಿಯಲ್ಲಿ ಒಂದೆರಡು ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಮದ್ದು ಸುಲಭ. ಪಿನ್ ಬಿಡಿಸಿ, ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಹೊಲಿಗೆ ದಾರವನ್ನು ನಾಲ್ಕೆಳೆ ಮಾಡಿ, ಪುಸ್ತಕದ ಎತ್ತರದ ಎರಡೂವರೆ ಪಟ್ಟು ಉದ್ದ ಇಟ್ಟುಕೊಂಡು, ಒಳಗಿನಿಂದ ನಡುತೂತಿನಲ್ಲಿ ಹೊರಗೆ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ, ಒಳಗೇ ಉದ್ದಕ್ಕೂ ಬಂದು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ. ಎರಡು ತುದಿಗಳೂ ಉದ್ದನೆಯ ದಾರದ ಆ ಕಡೆ ಈ ಕಡೆ ಬರುವಂತೆ ಮಾಡಿ ಗಂಟು ಬಿಗಿಯಿರಿ. ಐದನೇ ತರಗತಿಯ ಮಕ್ಕಳೇ ಇದನ್ನು ಮಾಡುತ್ತಾರೆ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬೇಡಿ. ಬಿಸಿಲಿಗೆ ಅದರ ಅಂಟು ಕರಗಿ ಪಕ್ಕದ ಪುಟಕ್ಕೆ ಹಿಡಿಯುತ್ತದೆ, ಕೆಲವೇ ವರ್ಷದಲ್ಲಿ ಹಳದಿಯಾಗುತ್ತದೆ. ಫೆವಿಕಾಲನ್ನು ನೀರು ಬೆರೆಸಿ ತೆಳ್ಳಗೆ ಮಾಡಿ, ಬಟರ್ ಪೇಪರಿನ ಕಿರುಪಟ್ಟಿ ಅಂಟಿಸಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಮೈದಾ ಅಂಟು ಹುಳಕ್ಕೆ ಹಬ್ಬದೂಟ.

ಹೊಸ ಪುಸ್ತಕ ಬಂದ ದಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಆಗುವ ಎರಡು ತಪ್ಪುಗಳಿವೆ. ಒಂದು, ಶಾಲೆಯ ಮೊಹರನ್ನು ಚಿತ್ರದ ಮೇಲೆಯೇ ಒತ್ತುವುದು. ನಯವಾದ ಆರ್ಟ್ ಪೇಪರಿನಲ್ಲಿ ಆ ಮಸಿ ಬೇಗ ಒಣಗುವುದಿಲ್ಲ, ಎದುರು ಪುಟಕ್ಕೂ ಅಚ್ಚಾಗುತ್ತದೆ. ಶೀರ್ಷಿಕೆ ಪುಟದ ಖಾಲಿ ಜಾಗದಲ್ಲಿ ಒತ್ತಿ, ನಡುವೆ ಒಂದು ರದ್ದಿ ಕಾಗದ ಇಡಿ. ಎರಡು, ಪಠ್ಯಪುಸ್ತಕದ ಹಾಗೆ ಬ್ರೌನ್ ಪೇಪರ್ ಹೊದಿಸುವುದು. ಓದಲು ಬಾರದ ಮಗು ಪುಸ್ತಕ ಆರಿಸುವುದು ಮುಖಪುಟ ನೋಡಿ. ಅದನ್ನೇ ಮುಚ್ಚಿದರೆ ಎಲ್ಲವೂ ಒಂದೇ ಬಣ್ಣದ ಇಟ್ಟಿಗೆಗಳು.

ಅದೇ ಕಾರಣಕ್ಕೆ ತೆಳು ಪುಸ್ತಕಗಳನ್ನು ಕಪಾಟಿನಲ್ಲಿ ಪೇರಿಸದೆ ದಾರಕ್ಕೆ ತೂಗುಹಾಕಬೇಕು. ನೆಲದಿಂದ ಮೂರಡಿ ಎತ್ತರದಲ್ಲಿ, ಮಗುವಿನ ಕಣ್ಣಿನ ಮಟ್ಟಕ್ಕೆ, ನೈಲಾನ್ ಹುರಿ ಬಿಗಿದು ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿ. ಆರಡಿ ಹುರಿಗೆ ಎಂಟು ಹತ್ತು ಪುಸ್ತಕ ಸಾಕು. ನಡುವೆ ಒಂದು ಮೊಳೆ ಇಲ್ಲದಿದ್ದರೆ ಹುರಿ ಜೋತು ಪುಸ್ತಕಗಳೆಲ್ಲ ನಡುವಿಗೆ ಜಾರುತ್ತವೆ. ವಾರಕ್ಕೊಮ್ಮೆ, ಶನಿವಾರ ಬೆಳಗಿನ ಶಾಲೆಯ ದಿನ, ಅರ್ಧದಷ್ಟು ಪುಸ್ತಕ ಬದಲಿಸಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ, ಗೆದ್ದಲು ಹತ್ತುವುದು ಗೋಡೆಯಿಂದಲೇ. ಪುಸ್ತಕದ ನಡುವೆ ನುಸಿಗುಳಿಗೆ ಬೇಡ, ಚಿಕ್ಕವರು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಬೇವಿನ ಎಲೆ ಇಡುವುದಾದರೆ ಗರಿಗರಿಯಾಗಿ ಒಣಗಿರಲಿ. ಹಸಿ ಎಲೆಯಿಂದ ಬೂಷ್ಟು ಬರುತ್ತದೆ.

ಐದು ಸಾವಿರದ ಲೆಕ್ಕ ಹೀಗೆ. ತೆಳು ಚಿತ್ರಪುಸ್ತಕಕ್ಕೆ ಸರಾಸರಿ 60 ರೂಪಾಯಿ ಹಿಡಿದರೆ 60 ಪ್ರತಿಗೆ 3,600 ರೂಪಾಯಿ. ಅರವತ್ತು ಬೇರೆ ಬೇರೆ ಪುಸ್ತಕ ತರಬೇಡಿ. ಹತ್ತು ಶೀರ್ಷಿಕೆಗೆ ಮೂರು ಮೂರು ಪ್ರತಿ, ಉಳಿದ ಮೂವತ್ತು ಒಂದೊಂದೇ ಪ್ರತಿ. ಒಬ್ಬ ಓದಿ ನಕ್ಕದ್ದನ್ನು ಪಕ್ಕದವನು ಅದೇ ದಿನ ಓದಬೇಕು, ಆಗಲೇ ಪುಸ್ತಕ ತರಗತಿಯಲ್ಲಿ ಹರಡುವುದು. ಟೀಚರ್ ಓದಿ ಹೇಳಲು 150 ರೂಪಾಯಿಯ ಐದು ಪುಸ್ತಕಕ್ಕೆ 750. ಉಳಿದ 650 ರೂಪಾಯಿ ಹುರಿ, ಕ್ಲಿಪ್, ಸ್ಟಿಕ್ಕರ್, ದಾರ, ವಹಿಗೆ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಹಲವು ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ. ಅನುದಾನ ಫೆಬ್ರುವರಿ ಕಳೆದು ಕೈಗೆ ಬಂದು, ಮಾರ್ಚ್ 31ರೊಳಗೆ ಬಿಲ್ ಹಾಕಬೇಕಾದರೆ ಮಾತ್ರ ಈ ಯಾವ ಎಚ್ಚರವೂ ಸಾಧ್ಯವಿಲ್ಲ; ಅಂಗಡಿಯವರು ಕಟ್ಟಿಕೊಟ್ಟ ಗಂಟೇ ಗತಿ. ಅದಕ್ಕೆ ಜೂನ್ ತಿಂಗಳಲ್ಲೇ ಪಟ್ಟಿ ಸಿದ್ಧಮಾಡಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಜಾಣತನ. ನಿಮ್ಮೂರ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಏನಿದೆ ಎಂದೂ ನೋಡಿ ಬನ್ನಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ದೊಡ್ಡವರ ನೀಲಿ ಪುಸ್ತಕ ಅಲ್ಲಿ ಸಿಗುವುದಾದರೆ ಶಾಲೆಯ ಹಣವನ್ನು ಕೆಂಪಿಗೆ ಉಳಿಸಿಕೊಳ್ಳಬಹುದು.

ಇಲಾಖೆಗೆ ಎರಡು ಬೇಡಿಕೆಗಳಿವೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2008ರಲ್ಲಿ ಹಿಂದಿಯ ಪುಟ್ಟ ಓದುಗರಿಗಾಗಿ ‘ಬರ್ಖಾ’ ಎಂಬ 40 ಪುಸ್ತಕಗಳ ಮಾಲೆಯನ್ನು ನಾಲ್ಕು ಹಂತದಲ್ಲಿ ತಂದಿತು. ಕನ್ನಡಕ್ಕೆ ಅಂಥದ್ದು ಬೇಕು, ಆದರೆ ಅದರ ಅನುವಾದ ಬೇಡ. ಕನ್ನಡದ ಕಾಗುಣಿತ, ಒತ್ತಕ್ಷರದ ಮೆಟ್ಟಿಲುಗಳನ್ನು ಹಿಡಿದು, ಕಲಬುರಗಿ, ಮಂಗಳೂರು, ಮೈಸೂರು, ಧಾರವಾಡದ ಶಿಕ್ಷಕರು ಕೂತು ಬರೆದ ಮಾಲೆ ಬೇಕು.

ಎರಡನೆಯದು ಇನ್ನೂ ತುರ್ತಿನದು. ಪುಸ್ತಕ ಟ್ರಂಕಿನಲ್ಲಿ ಬೀಗ ಹಾಕಿಕೊಂಡು ಕೂತಿರುವುದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. ಒಂದು ಪುಸ್ತಕ ಕಳೆದರೆ ಆಡಿಟ್‌ನಲ್ಲಿ ತಮ್ಮ ಸಂಬಳದಿಂದ ಹೋಗುತ್ತದೆ ಎಂಬ ಹೆದರಿಕೆ ಮುಖ್ಯಶಿಕ್ಷಕರಿಗೆ ಇರುವಾಗ ಯಾರು ತಾನೇ ಮಕ್ಕಳ ಮನೆಗೆ ಕಳುಹಿಸುತ್ತಾರೆ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಇದಕ್ಕೆ ದಾರಿ ತೋರಿಸಿದೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದರೆ, ವರ್ಷದಲ್ಲಿ ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಮತ್ತು ಅಪರೂಪದ ಪುಸ್ತಕಗಳಿಗೆ ಮಾತ್ರ ವಿಚಾರಣೆ ಕಡ್ಡಾಯ. 120 ಮಕ್ಕಳು ವಾರಕ್ಕೊಂದರಂತೆ 30 ವಾರ ಪುಸ್ತಕ ಒಯ್ದರೆ 3,600 ಸಲ ವಿತರಣೆಯಾಯಿತು. ಆ ಲೆಕ್ಕದಲ್ಲಿ 18 ಪುಸ್ತಕದ ನಷ್ಟ ಸಹಜ. ಅದು ಕೇಂದ್ರದ ಕಚೇರಿಗಳಿಗಿರುವ ನಿಯಮ. ನಮ್ಮ ಶಾಲಾ ಶಿಕ್ಷಣ ಇಲಾಖೆ ಅದೇ ಮಾತನ್ನು ಒಂದು ಪುಟದ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು, ಪ್ರತಿ ಶಾಲೆಯ ದಾಸ್ತಾನು ವಹಿಯ ಮೊದಲ ಹಾಳೆಗೆ ಅಂಟಿಸಲು ಹೇಳಲಿ. ಹರಿದು ಚಿಂದಿಯಾದ ಪುಸ್ತಕವನ್ನು ‘ಓದಿ ಸವೆದಿದೆ’ ಎಂದು ಬರೆದು ವಹಿಯಿಂದ ತೆಗೆಯುವ ಅಧಿಕಾರವನ್ನು ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿಗೂ ಅದರಲ್ಲೇ ಕೊಡಲಿ. ಈ ಸುತ್ತೋಲೆಗೆ ಹಣ ಬೇಕಿಲ್ಲ, ಸಹಿ ಸಾಕು. ಶಾಲೆ ತೆರೆಯುವ ಮೊದಲೇ ಅದು ಬಂದರೆ, ಜೂನ್ ಮೊದಲ ಶನಿವಾರದಿಂದಲೇ ಪುಸ್ತಕಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋಗಬಹುದು.

ಇತಿ ತಮ್ಮ ವಿಶ್ವಾಸಿಗಳು,
ಪ್ರಾಥಮಿಕ ಶಾಲಾ ಗ್ರಂಥಾಲಯಗಳ ಹೊಣೆ ಹೊತ್ತಿರುವ ಕೆಲವು ಶಿಕ್ಷಕ-ಶಿಕ್ಷಕಿಯರು